ಹೆಡ್‌ಫೋನನ್ನು ಹದಕ್ಕೆ ತರುವುದು: ಮೆತ್ತೆ, ಜೋಲಿ, ಚಿಟಿಕೆ ಹತ್ತಿ

ಮಲೆನಾಡಿನ ಹಿರಿಯ ಕೃಷಿಕರೊಬ್ಬರ ಸಂದರ್ಶನವನ್ನು ಬರಹಕ್ಕೆ ಇಳಿಸುತ್ತಿದ್ದೆ. ‘ಆ ವರ್ಷ ನಮ್ಮ ತೋಟದಲ್ಲಿ ಕೊಲೆ ಆಯಿತು’ ಎಂದು ಬೆರಳಚ್ಚು ಮಾಡಿ ಮುಂದೆ ಹೋದೆ. ಮೂರು ನಿಮಿಷ ಕಳೆದು ಅವರು ಅಡಿಕೆಗೆ ಸಿಂಪಡಿಸುವ ಬೋರ್ಡೋ ದ್ರಾವಣದ ಮಾತೆತ್ತಿದಾಗ ನನ್ನ ಕೈ ನಿಂತಿತು. ಅವರು ಹೇಳಿದ್ದು ಕೊಳೆ. ಮಳೆಗಾಲದಲ್ಲಿ ಅಡಿಕೆಗೆ ಬರುವ ಕೊಳೆ ರೋಗ. ಹಿಂದಕ್ಕೆ ಹೋಗಿ ಐದು ಸಲ ಕೇಳಿದೆ. ನನ್ನ ಹೆಡ್‌ಫೋನಿನಲ್ಲಿ ಆ ಅಕ್ಷರ ಲಕಾರವೋ ಳಕಾರವೋ ತಿಳಿಯದಂತೆ ತೇಲುತ್ತಿತ್ತು. ಅದೇ ಭಾಗವನ್ನು ಮಗಳ ಹೆಡ್‌ಫೋನಿನಲ್ಲಿ ಹಾಕಿದರೆ ಳಕಾರ ಗಟ್ಟಿಯಾಗಿ ಕೇಳಿಸಿತು. ಒಬ್ಬರ ಬದುಕಿನ ಮಾತನ್ನು ದಾಖಲಿಸುವ ಕೆಲಸದಲ್ಲಿ ಇಂಥ ತಪ್ಪು ಸಣ್ಣದಲ್ಲ. ಅಂದು ಸಂಜೆಯೇ ಹೆಡ್‌ಫೋನನ್ನು ಮೇಜಿನ ಮೇಲಿಟ್ಟು ಬಿಚ್ಚಿ ನೋಡಿದೆ.

ಬೆಂಗಳೂರಿನ ಹನುಮಂತನಗರದ ಮನೆಯಲ್ಲಿ ಕುಳಿತು ದಿನಕ್ಕೆ ಆರು ಗಂಟೆ, ವಾರಕ್ಕೆ ಆರು ದಿನ ನಾನು ಧ್ವನಿಮುದ್ರಣಗಳನ್ನು ಕೇಳುತ್ತೇನೆ. ಕನ್ನಡಕವಿದೆ, ಕಿವಿಯಲ್ಲಿ ತಿರುಪಿನ ಓಲೆಯಿದೆ, ಉದ್ದ ಕೂದಲಿದೆ. ನನ್ನದು ತಂತಿಯುಳ್ಳ, ಕಿವಿಯನ್ನು ಪೂರ್ತಿ ಸುತ್ತುವರಿಯುವ, ಹಿಂಬದಿ ಮುಚ್ಚಿದ ಸಾಮಾನ್ಯ ಹೆಡ್‌ಫೋನ್. ಮುಂದೆ ಹೇಳುವುದೆಲ್ಲ ಅಂಥದ್ದಕ್ಕೆ. ಒಳಗೆ ಬ್ಯಾಟರಿ ಇರುವ ಬ್ಲೂಟೂತ್ ಹೆಡ್‌ಫೋನನ್ನು ಬಿಚ್ಚಬೇಡಿ. ಹೊರಗಿನ ಸದ್ದನ್ನು ಎಲೆಕ್ಟ್ರಾನಿಕ್ ವಿಧಾನದಲ್ಲಿ ಅಳಿಸುವ ಬಗೆಯದಾದರೆ ಕಿವಿಯ ಸುತ್ತ ಕೂರುವ ಮೆತ್ತೆಯನ್ನೂ ಬದಲಿಸಬೇಡಿ. ಅದರೊಳಗಿನ ಮೈಕಿನ ಲೆಕ್ಕಾಚಾರವೆಲ್ಲ ಮೂಲ ಮೆತ್ತೆಗೆ ಹೊಂದಿಸಿದ್ದು. ವಾರಂಟಿ ಇನ್ನೂ ಉಳಿದಿದ್ದರೆ ತಿರುಪುಗಳನ್ನು ಮುಟ್ಟುವ ಮೊದಲು ಅದು ಮುಗಿಯಲಿ.

ಬಿಚ್ಚಿದಾಗ ಕಂಡದ್ದು ಇಷ್ಟು. ಮೆತ್ತೆಯ ಸ್ಪಂಜು ಚಪ್ಪಟೆಯಾಗಿ ನನ್ನ ಕಿವಿ ಒಳಗಿನ ಪ್ಲಾಸ್ಟಿಕ್‌ಗೆ ತಾಗುತ್ತಿತ್ತು. ನೋವು ತಪ್ಪಿಸಿಕೊಳ್ಳಲು ಗೊತ್ತಿಲ್ಲದೆಯೇ ಎಡಬದಿಯನ್ನು ಸ್ವಲ್ಪ ಹಿಂದಕ್ಕೆ ಸರಿಸಿಕೊಂಡು ಕೂರುತ್ತಿದ್ದೆ. ಹಾಗೆ ಸರಿಸಿದ ಕಡೆ ಸಂದಿ ಬಿದ್ದು ತಗ್ಗು ಸ್ವರ ಸೋರಿಹೋಗುತ್ತಿತ್ತು. ಅದನ್ನು ತುಂಬಿಕೊಳ್ಳಲು ಧ್ವನಿ ಏರಿಸುತ್ತಿದ್ದೆ, ಏರಿಸಿದಾಗ ಸಕಾರ ಶಕಾರಗಳು ಸೂಜಿಯಂತೆ ಚುಚ್ಚುತ್ತಿದ್ದವು, ನಡುವಿನ ಅಕ್ಷರಗಳು ಅವುಗಳ ನೆರಳಿನಲ್ಲಿ ಮಸುಕಾಗುತ್ತಿದ್ದವು. ಹಿತ ಬೇರೆ, ನಾದ ಬೇರೆ ಎಂದು ತಿಳಿದಿದ್ದೆ. ಕಿವಿಗೆ ನೋಯುವ ಹೆಡ್‌ಫೋನ್ ಸರಿಯಾಗಿ ಕೇಳಿಸಲಾರದು ಎಂಬುದು ಅಂದು ಗೊತ್ತಾಯಿತು. ಆದ್ದರಿಂದ ಕೆಲಸ ಹಿತದಿಂದಲೇ ಶುರುವಾಗಬೇಕು.

ಮೊದಲು ಒತ್ತಿ ನೋಡಿ

ಏನನ್ನೂ ಕೊಳ್ಳುವ ಮೊದಲು ಒಂದು ಪರೀಕ್ಷೆ. ಮೃದಂಗದ ತನಿ ಆವರ್ತನ (ಕಛೇರಿಯಲ್ಲಿ ತಾಳವಾದ್ಯ ಮಾತ್ರ ನುಡಿಯುವ ಭಾಗ) ಇರುವ ಯಾವುದಾದರೂ ಮುದ್ರಣ ಹಾಕಿ. ಕಿವಿ ಮುಚ್ಚುವ ಎರಡೂ ಬಟ್ಟಲುಗಳನ್ನು ಅಂಗೈಯಿಂದ ಮೆಲ್ಲಗೆ ಕೆನ್ನೆಯತ್ತ ಒತ್ತಿ. ಎಡ ಮುಖದ ಗುಂಕಾರ ಒಮ್ಮೆಲೇ ತುಂಬಿಕೊಂಡು ಬಂದರೆ ನಿಮ್ಮ ಮೆತ್ತೆ ಸೋರುತ್ತಿದೆ ಎಂದರ್ಥ. ಏನೂ ಬದಲಾಗದಿದ್ದರೆ ಮೆತ್ತೆ ಚೆನ್ನಾಗಿಯೇ ಕೂತಿದೆ.

ಕಾರಣ ಸರಳ. ಮೆತ್ತೆ, ಕೆನ್ನೆ, ಡ್ರೈವರ್ (ಬಟ್ಟಲಿನೊಳಗೆ ಧ್ವನಿ ಹೊರಡಿಸುವ ಪುಟ್ಟ ಸ್ಪೀಕರ್) ಈ ಮೂರರ ನಡುವೆ ಗಾಳಿಯ ಪುಟ್ಟ ಕೋಣೆಯೊಂದು ಏರ್ಪಡುತ್ತದೆ. ತಗ್ಗು ಸ್ವರ ಬರುವಾಗ ಡ್ರೈವರಿನ ಪೊರೆ ಆ ಗಾಳಿಯನ್ನು ನಿಧಾನವಾಗಿ ಒತ್ತಿ ಸಡಿಲಿಸುತ್ತದೆ. ಸಣ್ಣ ಸಂದಿ ಇದ್ದರೂ ಒತ್ತಡ ನಿಲ್ಲುವುದಿಲ್ಲ. ಬೇಗಬೇಗ ಕಂಪಿಸುವ ಏರು ಸ್ವರಗಳಿಗೆ ಆ ಸಂದಿಯಿಂದ ಅಷ್ಟಾಗಿ ನಷ್ಟವಿಲ್ಲ. ಹೀಗಾಗಿ ಸೋರುವ ಹೆಡ್‌ಫೋನ್ ಯಾವಾಗಲೂ ತೆಳ್ಳಗೆ, ಚೂಪಾಗಿ ಕೇಳಿಸುತ್ತದೆ.

ಎರಡನೆಯ ಪರೀಕ್ಷೆ ಮಾತಿನದು. ನಮ್ಮ ಚಿಕ್ಕಪ್ಪ ಮೃದಂಗ ನುಡಿಸುವವರು, ಉಚ್ಚಾರಣೆ ಬಹಳ ಶುದ್ಧ. ಅವರನ್ನು ಕೂರಿಸಿಕೊಂಡು ಮೊಬೈಲಿನಲ್ಲಿ ಹುಲಿ–ಹುಳಿ, ಹಲ್ಲಿ–ಹಳ್ಳಿ, ಕೊಲೆ–ಕೊಳೆ, ಮನೆ–ಮಣೆ, ಸಾಲ–ಶಾಲೆ ಎಂಬ ಜೋಡಿಗಳನ್ನು ಹಿಂದುಮುಂದು ಮಾಡಿ ಓದಿಸಿ ಮುದ್ರಿಸಿಕೊಂಡಿದ್ದೇನೆ. ಲಕಾರ ಳಕಾರಗಳ ಭೇದವನ್ನು ಕಿವಿ ಹಿಡಿಯುವುದು ಬಹುಮಟ್ಟಿಗೆ 1,500ರಿಂದ 3,000 ಹರ್ಟ್ಸ್ ಆಸುಪಾಸಿನ ನಡುಭಾಗದಲ್ಲಿ. ಸಕಾರದ ಬಲವಿರುವುದು 4,000 ಹರ್ಟ್ಸ್‌ನ ಮೇಲೆ. ಎರಡು ನಿಮಿಷದ ಈ ಮುದ್ರಣ ಹೆಡ್‌ಫೋನಿನ ನಡುಭಾಗವನ್ನೂ ಮೇಲ್ಭಾಗವನ್ನೂ ಒಟ್ಟಿಗೆ ಬಯಲು ಮಾಡುತ್ತದೆ. ನಿಮ್ಮ ಮನೆಯಲ್ಲಿ ಸ್ಪಷ್ಟವಾಗಿ ಮಾತನಾಡುವ ಹಿರಿಯರಿದ್ದರೆ ನೀವೂ ಹೀಗೆ ಮಾಡಿಟ್ಟುಕೊಳ್ಳಿ. ಗೊತ್ತಿರುವ ಕಂಠಕ್ಕಿಂತ ಒಳ್ಳೆಯ ಅಳತೆಗೋಲು ನನಗೆ ಸಿಕ್ಕಿಲ್ಲ.

ಮೆತ್ತೆ

ನಿಮ್ಮ ಹಣದ ಮೊದಲ ರೂಪಾಯಿ ಇಲ್ಲಿಗೆ ಹೋಗಲಿ. ಅಂಗಡಿಯಲ್ಲಿ ಇಯರ್ ಪ್ಯಾಡ್ ಎಂದು ಕೇಳಬೇಕು. ಎಸ್.ಪಿ. ರಸ್ತೆಯ ಒಳಗಲ್ಲಿಗಳಲ್ಲಿ ಕೇಬಲ್, ಚಾರ್ಜರ್ ಮಾರುವ ಅಂಗಡಿಗಳಲ್ಲಿ ವಿಚಾರಿಸುತ್ತಾ ಹೋದರೆ ಸಿಗುತ್ತವೆ. ನಾನು ಜೋಡಿಗೆ 450 ರೂಪಾಯಿ ಕೊಟ್ಟೆ. ಹೆಡ್‌ಫೋನನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗಿ. ಹೊರ ಅಳತೆ ಬಟ್ಟಲಿಗೆ ಹೊಂದಬೇಕು, ಒಳ ರಂಧ್ರ ನಿಮ್ಮ ಕಿವಿಗೆ ಹೊಂದಬೇಕು. ಎರಡನೆಯದನ್ನು ಹೆಚ್ಚಿನವರು ನೋಡುವುದೇ ಇಲ್ಲ. ಕನ್ನಡಿಯ ಮುಂದೆ ನಿಂತು ಕಿವಿಯ ಎತ್ತರ ಅಳೆಯಿರಿ, ಓಲೆ ಹಾಕುವವರು ಓಲೆಯ ಸಮೇತ ಅಳೆಯಿರಿ. ನನ್ನದು 6.2 ಸೆಂಟಿಮೀಟರ್ ಬಂತು. ಹಳೆಯ ಮೆತ್ತೆಯ ರಂಧ್ರ 5.5 ಇತ್ತು. ಓಲೆಯ ತಿರುಪು ವರ್ಷಗಟ್ಟಲೆ ಕಿವಿಯ ಹಿಂದೆ ಯಾಕೆ ಚುಚ್ಚುತ್ತಿತ್ತು ಎಂಬುದಕ್ಕೆ ಆ ಏಳು ಮಿಲಿಮೀಟರ್ ಉತ್ತರ.

ಆಳವೂ ಮುಖ್ಯ. ಕಿವಿಯ ಹಾಲೆ ಒಳಗಿನ ಜಾಲರಿಗೆ ತಾಗಬಾರದು. 1.5 ಸೆಂಟಿಮೀಟರ್ ಆಳದ ಮೆತ್ತೆಯಿಂದ 2.5ಕ್ಕೆ ಹೋದಾಗ ಹಿತವಷ್ಟೇ ಅಲ್ಲ, ಧ್ವನಿಯೂ ತಲೆಯ ಒಳಗಿನಿಂದ ಸ್ವಲ್ಪ ಹೊರಗೆ ಬಂದು ನಿಂತಂತಾಯಿತು. ಡ್ರೈವರ್ ಕಿವಿಯಿಂದ ದೂರ ಸರಿದಷ್ಟೂ ಹೀಗಾಗುತ್ತದೆ. ತೀರ ದೂರವಾದರೆ ಮಾತು ಪೊಳ್ಳಾಗುತ್ತದೆ. ಮೂರು ಸೆಂಟಿಮೀಟರಿನದನ್ನು ಎರವಲು ಪಡೆದು ನೋಡಿ ಹಿಂದಿರುಗಿಸಿದೆ.

ಮೇಲ್ಪದರ ಯಾವುದಿರಬೇಕು? ರೆಕ್ಸಿನ್‌ನಂಥದ್ದು ಗಾಳಿಯನ್ನು ಬಿಗಿಯಾಗಿ ಹಿಡಿಯುತ್ತದೆ, ತಗ್ಗು ಸ್ವರ ತುಂಬಿರುತ್ತದೆ, ಆದರೆ ಏಪ್ರಿಲ್‌ನಲ್ಲಿ ಕಿವಿ ಬೆವರುತ್ತದೆ. ವೆಲ್ವೆಟ್‌ನಂಥ ಬಟ್ಟೆಯದು ತಂಪು, ಆದರೆ ಗಾಳಿ ಸೋರಿ ತಗ್ಗು ಕಡಿಮೆಯಾಗುತ್ತದೆ, ಏರು ಸ್ವರವೂ ತುಸು ಮೆತ್ತಗಾಗುತ್ತದೆ. ನಾನು ರೆಕ್ಸಿನ್‌ನದನ್ನೇ ಆರಿಸಿಕೊಂಡು ಅದರ ಮೇಲೆ ಹಳೆಯ ಬನಿಯನ್ ಬಟ್ಟೆಯ ಗವಸು ಹೊಲಿದಿದ್ದೇನೆ. ಬನಿಯನ್ ಹಿಗ್ಗುತ್ತದೆ, ತೆಳುವಾಗಿದೆ, ಬೆವರು ಹೀರುತ್ತದೆ, ವಾರಕ್ಕೊಮ್ಮೆ ಒಗೆದು ಹಾಕಬಹುದು. ಮೆತ್ತೆಯ ಹೊರ ಅಂಚಿಗಿಂತ ಸುತ್ತಲೂ ಎರಡು ಬೆರಳು ಹೆಚ್ಚು ಅಗಲದ ವೃತ್ತ ಕತ್ತರಿಸಿ, ಅಂಚಿಗೆ ತೆಳ್ಳನೆಯ ಎಲಾಸ್ಟಿಕ್ ಸೇರಿಸಿ, ನಡುವೆ ಕಿವಿಯ ರಂಧ್ರ ಬಿಟ್ಟರೆ ಆಯಿತು. ದಪ್ಪ ಟರ್ಕಿ ಟವೆಲ್ ಬಟ್ಟೆ ಬೇಡ, ಅದು ಬಿಗಿಯನ್ನು ಕೆಡಿಸುತ್ತದೆ.

ಗವಸಿಗೆ ಇನ್ನೊಂದು ಕಾರಣವೂ ಇದೆ. ಈ ರೆಕ್ಸಿನ್‌ನಂಥ ಪದರ ಸಾಮಾನ್ಯವಾಗಿ ಪಾಲಿಯುರೆಥೇನ್. ಗಾಳಿಯ ತೇವ, ಬೆವರು ಅದರ ರಾಸಾಯನಿಕ ಬಂಧಗಳನ್ನು ನಿಧಾನವಾಗಿ ಬಿಡಿಸುತ್ತವೆ; ಕೊನೆಗೆ ಅದು ಕಪ್ಪು ಹೊಟ್ಟಿನಂತೆ ಉದುರುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ ಬೀಳುವ ನಮ್ಮ ಊರಿನಲ್ಲಿ, ತಲೆಗೆ ಎಣ್ಣೆ ಹಚ್ಚುವ ನಮ್ಮ ಮನೆಗಳಲ್ಲಿ, ಬರಿಯ ಮೆತ್ತೆ ಹೆಚ್ಚು ದಿನ ಬಾಳುವುದಿಲ್ಲ. ಎಣ್ಣೆ ಹಚ್ಚಿದ ದಿನ ಹೆಡ್‌ಫೋನ್ ಮುಟ್ಟುವುದನ್ನೇ ನಾನು ಬಿಟ್ಟಿದ್ದೇನೆ.

ಇನ್ನು ಕನ್ನಡಕ. ಕಡ್ಡಿ ಹಾದುಹೋಗುವಲ್ಲಿ ಮೆತ್ತೆ ಎತ್ತಿಹಿಡಿದಂತಾಗಿ ಅಲ್ಲೊಂದು ಸುರಂಗ ಬೀಳುತ್ತದೆ. ಮೆತ್ತೆಯ ಒಳಬದಿಯ ಹೊಲಿಗೆಯನ್ನು ಬ್ಲೇಡಿನಿಂದ ಎರಡು ಸೆಂಟಿಮೀಟರಿನಷ್ಟು ಬಿಡಿಸಿ, ಕಡ್ಡಿ ಕೂರುವ ಜಾಗದಲ್ಲಿ ಸ್ಪಂಜನ್ನು ನಾಲ್ಕು ಮಿಲಿಮೀಟರ್ ಆಳಕ್ಕೆ ಕತ್ತರಿಸಿ ತೆಗೆದು ಮತ್ತೆ ಹೊಲಿದೆ. ಈಗ ಕಡ್ಡಿ ಆ ತಗ್ಗಿನಲ್ಲಿ ಕೂರುತ್ತದೆ, ಕಿವಿಯ ಮೇಲಿನ ಮೂಳೆಗೆ ಒತ್ತುವುದಿಲ್ಲ. ತೆಳ್ಳನೆಯ ಲೋಹದ ಕಡ್ಡಿಯ ಕನ್ನಡಕ ಇದ್ದರೆ ಈ ಶ್ರಮವೂ ಬೇಕಾಗಲಿಕ್ಕಿಲ್ಲ.

ಸೋರುವ ಇನ್ನೊಂದು ಜಾಗ ಕಿವಿಯ ಕೆಳಗೆ ಹಿಂದೆ, ದವಡೆ ಮುಗಿಯುವಲ್ಲಿ. ಅಲ್ಲಿ ಎಲ್ಲರಿಗೂ ತಗ್ಗಿದೆ. ಮೆತ್ತೆಯನ್ನು ಕಳಚಿ, ಅದರ ಹಿಂದೆ, ಬಟ್ಟಲಿನ ಅಂಚಿನ ಮೇಲೆ ಆ ಭಾಗದಲ್ಲಿ ಮಾತ್ರ ಮೂರು ಮಿಲಿಮೀಟರ್ ದಪ್ಪದ ಫೆಲ್ಟ್ ಪಟ್ಟಿ ಇಟ್ಟು ಮತ್ತೆ ಕೂರಿಸಿ. ಕುರ್ಚಿಯ ಕಾಲಿಗೆ ಅಂಟಿಸುವ ಫೆಲ್ಟ್ ಬಿಲ್ಲೆಯನ್ನು ಕತ್ತರಿಸಿದರೂ ಸಾಕು. ಇದಾದ ಮೇಲೆ ಒತ್ತಿ ನೋಡುವ ಪರೀಕ್ಷೆ ಮಾಡಿದೆ. ಒತ್ತಿದರೂ ಬಿಟ್ಟರೂ ಗುಂಕಾರ ಒಂದೇ.

ಅಂದಿನಿಂದ ಧ್ವನಿಯ ಮಟ್ಟವನ್ನು ಸಾಕಷ್ಟು ಇಳಿಸಿದ್ದೇನೆ. ಮನೆಯೆದುರಿನ ರಸ್ತೆಯ ಆಟೋ ಸದ್ದು, ಕುಕ್ಕರಿನ ಕೂಗು ಮೊದಲಿನಷ್ಟು ಒಳಗೆ ಬರುವುದಿಲ್ಲವಾದ್ದರಿಂದ ಅವುಗಳ ಮೇಲೆ ಧ್ವನಿ ಏರಿಸುವ ಅಗತ್ಯವಿಲ್ಲ. ನನ್ನಂಥವರಿಗೆ ಇದು ಕಿವಿ ಉಳಿಸಿಕೊಳ್ಳುವ ಪ್ರಶ್ನೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ 80 ಡೆಸಿಬಲ್‌ನಲ್ಲಿ ವಾರಕ್ಕೆ 40 ಗಂಟೆ. ಮೂರು ಡೆಸಿಬಲ್ ಏರಿದರೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. ವಾರಕ್ಕೆ 36 ಗಂಟೆ ಕೇಳುವ ನನಗೆ ಪೋಲು ಮಾಡಲು ಒಂದು ಡೆಸಿಬಲ್ಲೂ ಇಲ್ಲ.

ಹಿಡಿತ ಮತ್ತು ಜೋಲಿ

ಹೊಸ ಹೆಡ್‌ಫೋನ್ ದವಡೆಯನ್ನು ಇಕ್ಕಳದಂತೆ ಹಿಡಿಯುತ್ತಿದ್ದರೆ ನಿಮ್ಮ ತಲೆಗಿಂತ ಒಂದೆರಡು ಸೆಂಟಿಮೀಟರ್ ಮಾತ್ರ ಅಗಲವಾದ ಪೆಟ್ಟಿಗೆಯ ಮೇಲೆ ರಾತ್ರಿಯಿಡೀ ಕೂರಿಸಿಡಿ. ನಾನು ಬಳಸಿದ್ದು ಚಪ್ಪಲಿಯ ರಟ್ಟಿನ ಪೆಟ್ಟಿಗೆ, ಬದಿಗೆ ಎರಡು ನೋಟ್‌ಬುಕ್ ಸೇರಿಸಿ. ಬೆಳಿಗ್ಗೆ ಹಾಕಿ ನೋಡಿ, ಸಾಲದಿದ್ದರೆ ಇನ್ನೊಂದು ರಾತ್ರಿ. ಒಂದೇ ಸಲ ಅಗಲಿಸಲು ಹೋಗಬೇಡಿ. ಒಳಗೆ ಉಕ್ಕಿನ ಪಟ್ಟಿ ಇರುವ ತಲೆಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಸ್ವಲ್ಪಸ್ವಲ್ಪವೇ ಬಾಗಿಸಬಹುದು, ಬರಿಯ ಪ್ಲಾಸ್ಟಿಕ್‌ನದು ಮುರಿಯುತ್ತದೆ. ಹಿಡಿತವನ್ನು ಪೂರ್ತಿ ಸಡಿಲಿಸಿದರೆ ಮೆತ್ತೆಯಲ್ಲಿ ಗಳಿಸಿದ ಬಿಗಿ ಹೋಗುತ್ತದೆ, ಇದನ್ನು ನೆನಪಿಡಿ. ದೊಡ್ಡ, ಅಗಲ ಮೆತ್ತೆ ಇದ್ದರೆ ಅದೇ ಹಿಡಿತ ಹೆಚ್ಚು ಜಾಗಕ್ಕೆ ಹಂಚಿಹೋಗಿ ನೋವು ತಾನಾಗಿ ಕಡಿಮೆಯಾಗುತ್ತದೆ. ನನಗೆ ಒಂದೇ ರಾತ್ರಿ ಸಾಕಾಯಿತು.

ನೆತ್ತಿಯ ನೋವಿಗೆ ಎಲ್ಲರೂ ತಲೆಪಟ್ಟಿಗೆ ಇನ್ನಷ್ಟು ಸ್ಪಂಜು ಸುತ್ತುತ್ತಾರೆ. ನಾನೂ ಸುತ್ತಿದೆ, ಪ್ರಯೋಜನವಾಗಲಿಲ್ಲ. ಭಾರವೆಲ್ಲ ಅದೇ ಎರಡು ಬೆರಳಗಲದ ಜಾಗದಲ್ಲಿ ಕೂರುತ್ತಿತ್ತು. ಪರಿಹಾರ ಸಿಕ್ಕಿದ್ದು ಜೋಲಿಯಲ್ಲಿ. ಮಗುವಿಗೆ ಸೀರೆಯ ಜೋಲಿ ಕಟ್ಟುವುದಿಲ್ಲವೇ, ಬಟ್ಟೆ ಮಗುವಿನ ಮೈಯ ಆಕಾರವನ್ನೇ ತಾಳುತ್ತದೆ. ಹಾಗೆಯೇ ತಲೆಪಟ್ಟಿಯ ಕಮಾನಿನ ಕೆಳಗೆ ಅಗಲವಾದ ಪಟ್ಟಿಯೊಂದನ್ನು ಇಳಿಬಿಟ್ಟು ಕಟ್ಟಿದರೆ ಅದು ನೆತ್ತಿಯ ಉಬ್ಬಿಗೆ ಹೊಂದಿಕೊಂಡು ಭಾರವನ್ನು ಹಂಚುತ್ತದೆ. ಚಿಕ್ಕಪೇಟೆಯ ಹೊಲಿಗೆ ಸಾಮಾನಿನ ಅಂಗಡಿಯಿಂದ ನಾಲ್ಕು ಸೆಂಟಿಮೀಟರ್ ಅಗಲದ ಗಟ್ಟಿ ಎಲಾಸ್ಟಿಕ್ ತಂದು, ಎರಡು ತುದಿಗಳನ್ನೂ ತಲೆಪಟ್ಟಿಯ ಬುಡಕ್ಕೆ ಸುತ್ತಿ ಹೊಲಿದೆ. ಕಮಾನಿಗೂ ಜೋಲಿಗೂ ನಡುವೆ ಬೆರಳು ತೂರುವಷ್ಟು ಜಾಗ ಉಳಿಯಬೇಕು. ಹೆಡ್‌ಫೋನ್ ಆಗ ಸ್ವಲ್ಪ ಮೇಲೆ ಕೂರುವುದರಿಂದ ಬಟ್ಟಲುಗಳನ್ನು ಎರಡು ಗುರುತು ಕೆಳಗೆ ಎಳೆದುಕೊಳ್ಳಿ. ಮಲ್ಲಿಗೆ ಮುಡಿದ ದಿನವೂ ಈಗ ಹೂ ನಲುಗುವುದಿಲ್ಲ.

ಬಟ್ಟಲಿನ ಒಳಗೆ

ಇಲ್ಲಿಗೆ ನಿಲ್ಲಿಸಿದರೂ ನಷ್ಟವಿಲ್ಲ. ಮುಂದಿನದಕ್ಕೆ ತಾಳ್ಮೆ ಬೇಕು.

ಮೆತ್ತೆ ಕಳಚಿದರೆ ಕೆಳಗೆ ಮೂರೋ ನಾಲ್ಕೋ ತಿರುಪು ಕಾಣುತ್ತವೆ. ಸಣ್ಣ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಆದರೆ ಡ್ರೈವರಿನ ಹಿಂದೆ ಅಯಸ್ಕಾಂತವಿದೆ. ಅದು ಉಕ್ಕಿನ ತುದಿಯನ್ನೂ ಬಿಡಿ ತಿರುಪನ್ನೂ ಸೆಳೆಯುತ್ತದೆ. ಕೈ ಜಾರಿದರೆ ಪೊರೆ ತೂತು ಬೀಳುತ್ತದೆ, ಅದಕ್ಕೆ ಮದ್ದಿಲ್ಲ. ಮೊದಲೇ ಡ್ರೈವರಿನ ಮುಖದ ಮೇಲೆ ರಟ್ಟಿನ ಬಿಲ್ಲೆಯೊಂದನ್ನು ಟೇಪಿನಿಂದ ಕೂರಿಸಿ ಕೆಲಸ ಶುರುಮಾಡಿ. ಒಳಗಿನ ತಂತಿ ಕೂದಲಿನಷ್ಟು ನಾಜೂಕು, ಬಟ್ಟಲನ್ನು ಎಳೆಯದೆ ಪುಸ್ತಕದಂತೆ ಮೆಲ್ಲಗೆ ತೆರೆಯಿರಿ.

ತೆರೆದ ಬಟ್ಟಲಿನ ಬೆನ್ನನ್ನು ತೆಂಗಿನಕಾಯಿ ತಟ್ಟಿ ನೋಡುವಂತೆ ಬೆರಳ ಗೆಣ್ಣಿನಿಂದ ತಟ್ಟಿ. ಟಣ್ ಎಂದು ಪೊಳ್ಳಾಗಿ ಮೊಳಗಿದರೆ ಡ್ರೈವರ್ ನುಡಿಯುವಾಗಲೂ ಅದು ಜೊತೆಗೆ ಮೊಳಗುತ್ತದೆ. ಇದನ್ನು ಹೇಳಿದಾಗ ಚಿಕ್ಕಪ್ಪನಿಗೆ ಆಶ್ಚರ್ಯವಾಗಲಿಲ್ಲ. ಮೃದಂಗದ ಎಡ ಮುಖಕ್ಕೆ ಕಛೇರಿಯ ಮುಂಚೆ ರವೆಯ ಮುದ್ದೆ ಹಚ್ಚುವವರಲ್ಲವೇ ಅವರು. ತೂಕ ಕೂಡಿಸಿದರೆ ಕಂಪನ ತಗ್ಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತು. ‘ರವೆ ಹೆಚ್ಚಾದರೆ ನಾದ ಸತ್ತುಹೋಗುತ್ತದೆ ಕಣಮ್ಮ, ಚೂರುಚೂರೇ ಹಚ್ಚಿ ತಟ್ಟಿ ನೋಡು’ ಎಂದರು. ಹೆಡ್‌ಫೋನಿಗೂ ಇದೇ ಮಾತು ಅನ್ವಯಿಸುತ್ತದೆ.

ರವೆಯ ಜಾಗದಲ್ಲಿ ನಾನು ಬಳಸಿದ್ದು ಜೆ.ಸಿ. ರಸ್ತೆಯ ಕಾರು ಬಿಡಿಭಾಗದ ಅಂಗಡಿಗಳಲ್ಲಿ ಸಿಗುವ ಬ್ಯುಟೈಲ್ ಹಾಳೆ. ಕಾರಿನ ಬಾಗಿಲು ಗಡಗಡಿಸದಂತೆ ಒಳಗೆ ಅಂಟಿಸುತ್ತಾರಲ್ಲ, ಒಂದು ಬದಿಗೆ ಬೆಳ್ಳಿ ಹಾಳೆ, ಇನ್ನೊಂದು ಬದಿಗೆ ಕಪ್ಪು ಅಂಟು, ಅದೇ. ಅಂಗೈಯಗಲದ ತುಂಡು ಸಾಕು. ಎರಡು ರೂಪಾಯಿ ನಾಣ್ಯದಷ್ಟು ಕತ್ತರಿಸಿ ಬಟ್ಟಲಿನ ಒಳಬೆನ್ನಿಗೆ ಒಂದು ಅಂಟಿಸಿ, ತಟ್ಟಿ, ಮೊಳಗು ಇನ್ನೂ ಇದ್ದರೆ ಇನ್ನೊಂದು. ನಾನು ಮೊದಲು ಐದೈದು ತುಂಡು ಹಾಕಿದ್ದೆ, ಸಂಜೆಯ ಹೊತ್ತಿಗೆ ಕತ್ತು ಭಾರವಾಗುತ್ತಿತ್ತು. ಈಗ ಬದಿಗೆ ಎರಡೆರಡೇ ಇವೆ. ಹಿಂಬದಿಯ ಗಾಳಿಕಿಂಡಿಯನ್ನು ಮಾತ್ರ ಮುಚ್ಚಬಾರದು.

ಆಮೇಲೆ ಹತ್ತಿ. ಗಾಂಧಿ ಬಜಾರಿನ ಗ್ರಂಧಿಗೆ ಅಂಗಡಿಯಲ್ಲಿ ಹೂಬತ್ತಿಗೆಂದು ಕೊಡುವ ಬಿಡಿ ಹತ್ತಿಯನ್ನು ಎಳೆಎಳೆಯಾಗಿ ಬಿಡಿಸಿ, ಒಂದು ಚಿಟಿಕೆಯನ್ನು ಡ್ರೈವರಿನ ಹಿಂದಿನ ಖಾಲಿ ಜಾಗದಲ್ಲಿ ಸಡಿಲವಾಗಿ ಇಡಿ. ಹಿಂದೆ ಹೊರಟ ಧ್ವನಿ ಪ್ಲಾಸ್ಟಿಕ್‌ಗೆ ಬಡಿದು ಮರಳಿ ಬರುವುದನ್ನು ಅದು ಹೀರಿಕೊಳ್ಳುತ್ತದೆ. ಗಂಡಸರ ಕಂಠದಲ್ಲಿ ಕೊಡದೊಳಗಿನಿಂದ ಮಾತನಾಡಿದಂಥ ಗುಣವಿದ್ದರೆ ಅದು ಹೋಗುವುದು ಇಲ್ಲೇ. ತುರುಕಿದರೆ ತಗ್ಗು ಸ್ವರವೂ ಉಸಿರು ಕಟ್ಟುತ್ತದೆ. ನನ್ನ ಹೆಡ್‌ಫೋನಿನಲ್ಲಿ ಲ–ಳ ಭೇದ ಕೊನೆಯದಾಗಿ ತಿಳಿಯಾದದ್ದು ಈ ಚಿಟಿಕೆ ಹತ್ತಿಯಿಂದ.

ಈ ಹಂತದಲ್ಲಿ ಒಂದು ಉಪಾಯ ತುಂಬ ನೆರವಾಗುತ್ತದೆ. ಧ್ವನಿಯ ನೆನಪು ಮನುಷ್ಯನಿಗೆ ಬಹಳ ಹೊತ್ತು ನಿಲ್ಲುವುದಿಲ್ಲ. ಬಿಚ್ಚಿ, ಜೋಡಿಸಿ, ಮತ್ತೆ ಕೇಳುವಷ್ಟರಲ್ಲಿ ಮೊದಲಿನದು ಮಾಸಿಹೋಗಿರುತ್ತದೆ. ಆದ್ದರಿಂದ ಎಡಬದಿಯನ್ನು ಮಾತ್ರ ಮಾರ್ಪಡಿಸಿ, ಬಲಬದಿಯನ್ನು ಹಾಗೆಯೇ ಬಿಡಿ. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಮೊನೊ ಆಡಿಯೊ ಆಯ್ಕೆ ಮಾಡಿದರೆ ಎರಡೂ ಕಿವಿಗೆ ಒಂದೇ ಧ್ವನಿ ಬರುತ್ತದೆ. ವ್ಯತ್ಯಾಸ ಆಗ ಎದುರೆದುರೇ ನಿಂತಿರುತ್ತದೆ. ಹೆಡ್‌ಫೋನನ್ನು ತಿರುಗಿಸಿ ಹಾಕಿಕೊಂಡೂ ಕೇಳಿ, ನಿಮ್ಮ ಎರಡು ಕಿವಿಗಳ ಭೇದ ಲೆಕ್ಕಕ್ಕೆ ಬಾರದಿರಲಿ. ಮೆಚ್ಚಿಗೆಯಾದರೆ ಬಲಕ್ಕೂ ಅಷ್ಟನ್ನೇ ಮಾಡಿ.

ಸಕಾರ ಇನ್ನೂ ಚುಚ್ಚುತ್ತಿದ್ದರೆ ಡ್ರೈವರಿನ ಮುಂದೆ ಟಿಶ್ಯೂ ಕಾಗದದ ಒಂದೇ ಒಂದು ಪದರ ಇಟ್ಟು ನೋಡಿ. ಎರಡು ಪದರದ್ದಾದರೆ ಬಿಡಿಸಿಕೊಳ್ಳಿ. ಇದು ಹಳೆಯ ಯುಕ್ತಿ. 1978ರಲ್ಲಿ ಬಂದ ಯಮಹಾ ಎನ್‌ಎಸ್-10 ಸ್ಪೀಕರಿನ ಏರು ಸ್ವರವನ್ನು ಪಳಗಿಸಲು ರೆಕಾರ್ಡಿಂಗ್ ಸ್ಟುಡಿಯೊಗಳಲ್ಲಿ ಅದರ ಟ್ವೀಟರ್ (ಏರು ಸ್ವರ ನುಡಿಸುವ ಭಾಗ) ಮುಂದೆ ಟಿಶ್ಯೂ ಇಳಿಬಿಡುತ್ತಿದ್ದರು. ಗಾಳಿಕಿಂಡಿಯ ಮೇಲೆ ಔಷಧ ಅಂಗಡಿಯ ಮೈಕ್ರೋಪೋರ್ ಟೇಪ್ ಹಾಕಿ ತಗ್ಗು ಸ್ವರವನ್ನು ತಿದ್ದುವವರೂ ಇದ್ದಾರೆ. ಆ ಟೇಪು ಗಾಳಿಯನ್ನು ಪೂರ್ತಿ ತಡೆಯದೆ ತುಸು ಬಿಡುತ್ತದೆ. ಪ್ರತಿ ಹೆಡ್‌ಫೋನಿಗೂ ಫಲ ಬೇರೆ. ನನ್ನದರಲ್ಲಿ ಮಾತು ಮಂಕಾಯಿತು, ಕಿತ್ತು ತೆಗೆದೆ.

ನಾನು ಎರಡು ದಿನ ಕಳೆದುಕೊಂಡ ಒಂದು ತೊಂದರೆಯನ್ನು ಹೇಳಲೇಬೇಕು. ಜೋಡಿಸಿದ ಮೇಲೆ ಬಲಬದಿಯಲ್ಲಿ ತಂಬೂರಿ ನುಡಿದಾಗಲೆಲ್ಲ ದುಂಬಿ ಗುಂಯ್‌ಗುಟ್ಟಿದಂಥ ಸದ್ದು. ಡ್ರೈವರ್ ಒಡೆಯಿತೆಂದು ಎದೆ ಒಡೆದುಕೊಂಡೆ. ಭೂತಗನ್ನಡಿ ಹಿಡಿದು ನೋಡಿದರೆ ಪೊರೆಗೆ ಒಂದೇ ಒಂದು ಕೂದಲೆಳೆ ತಾಗಿತ್ತು. ಮೆತ್ತನೆಯ ಬ್ರಷ್ಷಿನಿಂದ ತೆಗೆದೊಡನೆ ಸದ್ದು ನಿಂತಿತು. ಕೆಲಸಕ್ಕೆ ಕೂರುವ ಮೊದಲು ಕೂದಲನ್ನು ಬಿಗಿಯಾಗಿ ಕಟ್ಟಿ, ಫ್ಯಾನ್ ಆರಿಸಿ, ಮೇಜಿನ ಮೇಲೆ ಬಿಳಿಯ ಬಟ್ಟೆ ಹಾಸಿ. ಜೋಡಿಸುವಾಗ ಡ್ರೈವರಿನ ಮುಂದೆ ತೆಳ್ಳನೆಯ ಮಲ್ಮಲ್ ಬಟ್ಟೆಯ ಬಿಲ್ಲೆ ಇರಲಿ.

ಕೇಬಲ್ ಬದಲಿಸಿದರೆ ನಾದ ಸುಧಾರಿಸುತ್ತದೆ ಎಂಬ ಮಾತಿಗೆ ಹಣ ಹಾಕಬೇಡಿ. ತುಂಡಾಗುವ ಹಂತದಲ್ಲಿದ್ದರೆ ಬದಲಿಸಿ, ಅಷ್ಟೇ. ಕೇಬಲ್ ಬಟ್ಟೆಗೆ ಉಜ್ಜಿ ಕಿವಿಯೊಳಗೆ ಗರಗರ ಎನ್ನುವುದಕ್ಕೆ ಸೆರಗಿನ ಪಿನ್ನಿಗೆ ಒಂದು ಸುತ್ತು ಸಿಕ್ಕಿಸಿಕೊಂಡರೆ ಸಾಕು, ಅಂಗಿಯವರು ಕ್ಲಿಪ್ ಹಾಕಿಕೊಳ್ಳಬಹುದು. ತಗ್ಗು, ಏರು ಸ್ವರಗಳನ್ನು ಬೇರೆಬೇರೆಯಾಗಿ ಏರಿಸಿ ಇಳಿಸುವ ಕಂಪ್ಯೂಟರಿನ ಈಕ್ವಲೈಜರ್ ಬಳಸುವುದರಲ್ಲಿ ತಪ್ಪೇನಿಲ್ಲ. ವಿಂಡೋಸ್‌ನಲ್ಲಿ ಈಕ್ವಲೈಜರ್ ಎಪಿಒ ಉಚಿತವಾಗಿ ಸಿಗುತ್ತದೆ. ಆದರೆ ಸೋರುವ ಮೆತ್ತೆಯನ್ನು ಅದರಿಂದ ಸರಿಪಡಿಸಲು ಹೋದರೆ ತಲೆ ಅಲುಗಿದಾಗಲೆಲ್ಲ ನಾದ ಬದಲಾಗುತ್ತದೆ. ಬಿಗಿ ಸರಿಯಾದ ಮೇಲೆ ಉಳಿದ ಚೂರುಪಾರಿಗೆ ಮಾತ್ರ ಅದು ಇರಲಿ.

ಹೊಸ ಸ್ಪಂಜು ಮೂರು ವಾರದಲ್ಲಿ ಸ್ವಲ್ಪ ಕುಗ್ಗುತ್ತದೆ, ಆಗ ಮತ್ತೊಮ್ಮೆ ಒತ್ತಿ ನೋಡಿ, ಬೇಕಾದರೆ ಫೆಲ್ಟ್ ಪಟ್ಟಿಯನ್ನು ದಪ್ಪಗೊಳಿಸಿ. ತೆಗೆದ ಮೂಲ ಭಾಗಗಳನ್ನೆಲ್ಲ ಒಂದು ಡಬ್ಬಿಯಲ್ಲಿ ಹಾಕಿ, ಯಾವ ಬದಿಗೆ ಏನು ಮಾಡಿದಿರಿ ಎಂದು ಚೀಟಿ ಬರೆದಿಡಿ. ನನ್ನ ಚೀಟಿಯಲ್ಲಿ ಈಗ ಇಷ್ಟಿದೆ: ‘ಎಡ: ಹತ್ತಿ ಒಂದು ಚಿಟಿಕೆ, ಬ್ಯುಟೈಲ್ ಎರಡು, ಹಿಂದೆ ಕೆಳಗೆ ಫೆಲ್ಟ್. ಬಲ: ಅದೇ. ಟಿಶ್ಯೂ ಇಲ್ಲ, ಟೇಪ್ ಇಲ್ಲ. ಗವಸು ಶನಿವಾರ ಒಗೆಯುವುದು.’